ಕೆಂಪು ದಾರದ ಪದಗಳು

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಆರೂವರೆಗೆ ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದೆ. ನಲವತ್ತು ದಿನಗಳ ತರಬೇತಿ. ಅವಳ ಆಸ್ಪತ್ರೆಗೆ ಹೊಸ ಡಯಾಲಿಸಿಸ್ ಯಂತ್ರಗಳು ಬಂದಿವೆ. ಅವನ್ನು ನಡೆಸಲು ಕಲಿತು ಬರುವುದಕ್ಕೆ ದಾದಿಯರಲ್ಲಿ ಇವಳನ್ನೇ ಆರಿಸಿದ್ದಾರೆ. ನನಗೂ ಹೆಮ್ಮೆಯೇ. ಆದರೆ ಈಗ ಮನೆಯಲ್ಲಿ ಉಳಿದವರು ನಾನು ಮತ್ತು ಹೆಂಡತಿಯ ಮಗಳು. ಮದುವೆಯಾಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ನಾವಿಬ್ಬರು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೂ ನಮ್ಮ ನಿಘಂಟಿನ ಒಂದು ಪುಟ ತುಂಬುವುದಿಲ್ಲ.

ವಿಷಯವನ್ನು ಒಮ್ಮೆ ನೆಟ್ಟಗೆ ಬರೆದಿಡುತ್ತೇನೆ. ಆಕೆಗೆ ಹನ್ನೊಂದು ವರ್ಷ. ತಂದೆ ತೀರಿಕೊಂಡಾಗ ನಾಲ್ಕು. ಮದುವೆಯ ನಂತರ ತಾಯಿ ಮಗಳು ಊರಿನ ಈ ತುದಿಗೆ, ನನ್ನ ಮನೆಗೆ ಬಂದರು. ಶಾಲೆ ಆ ತುದಿಯಲ್ಲೇ ಉಳಿಯಿತು. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಶಾಲೆಯ ಮಗ್ಗುಲಲ್ಲೇ ಆಕೆಯ ದೊಡ್ಡಮ್ಮನ ಮನೆ. ಮುಂದಿನ ವರ್ಷ ದೊಡ್ಡಮ್ಮನ ಮನೆಯಲ್ಲಿದ್ದು ಅದೇ ಶಾಲೆಗೆ ಹೋಗುವುದೋ, ಇಲ್ಲೇ ಇದ್ದು ನಮ್ಮ ಬೀದಿಯ ಶಾಲೆಗೆ ಸೇರುವುದೋ? ಏಪ್ರಿಲ್ ಹನ್ನೆರಡು ಅರ್ಜಿ ಕೊಡಲು ಕೊನೆಯ ದಿನ. ಅವತ್ತೇ ಹೆಂಡತಿ ವಾಪಸು.

"ಅವಳೇ ತೀರ್ಮಾನ ಮಾಡ್ಲಿ. ನೀವು ಪುಸಲಾಯಿಸೋಕೆ ಹೋಗ್ಬೇಡಿ. ಜೊತೇಲಿ ಇರಿ, ಅಷ್ಟು ಸಾಕು" ಎಂದಳು ಹೆಂಡತಿ ಬಸ್ಸಿನ ಕಿಟಕಿಯಿಂದ. ಹೇಳಿ ಮುಖ ಆಚೆ ತಿರುಗಿಸಿದಳು. ಮಗಳು ಬೇರೆ ಮನೆಗೆ ಹೋದರೆ ಇವಳು ಸಂಜೆಯೆಲ್ಲ ಬಾಗಿಲು ನೋಡುತ್ತ ಕೂರುತ್ತಾಳೆ. ನನಗೇನು, ನಾನು ಒಬ್ಬನೇ ಇದ್ದು ಅಭ್ಯಾಸವಾದವನು.

ಬಾಗಿಲ ಬಳಿ ಎರಡು ಮೊಳೆ. ಒಂದರಲ್ಲಿ ತಾಯಿ ಮಗಳ ಎರಡು ಬೀಗದ ಕೈಗಳು ಒಂದೇ ಬಿಳಿ ದಾರದಲ್ಲಿ. ಇನ್ನೊಂದರಲ್ಲಿ ನನ್ನದು. ಮಗಳು ಎರಡನ್ನೂ ಸೇರಿಸಿ ಕೊರಳಿಗೆ ಹಾಕಿಕೊಂಡು ಶಾಲೆಗೆ ಹೋದಳು.

ಇಂದು ನನ್ನನ್ನು ಕರೆದದ್ದು: "ಇಲ್ನೋಡಿ" ಎರಡು ಸಲ. ಕೆಮ್ಮು ಒಂದು ಸಲ.

ಮಾರ್ಚ್ ೬, ಗುರುವಾರ

ಪರಿಭಾಷಾ ಸಭೆ. ನಲವತ್ತಾರು ವರ್ಷದ ಬಾಳಿನಲ್ಲಿ ಇಷ್ಟು ನಿರರ್ಥಕವಾದ ಮೂರು ಗಂಟೆಗಳನ್ನು ನಾನು ಕಳೆದಿಲ್ಲ.

ನಮ್ಮ ನಿಘಂಟು ಕಚೇರಿಯಲ್ಲಿ ಪದಕ್ಕೊಂದು ಕಾರ್ಡು. ಒಂದೇ ಬೇರಿನಿಂದ ಹುಟ್ಟಿದ ಪದಗಳ ಕಾರ್ಡುಗಳನ್ನು ಬಿಳಿ ದಾರದಲ್ಲಿ ಒಟ್ಟಿಗೆ ಕಟ್ಟಿಡುತ್ತೇವೆ. ಹೊಂದು, ಹೊಂದಿಕೆ, ಹೊಂದಾಣಿಕೆ ಒಂದು ಕಟ್ಟು. ನಡೆ, ನಡಿಗೆ, ನಡತೆ, ನಡವಳಿಕೆ ಇನ್ನೊಂದು. ಮಕ್ಕಳಿಗೆಂದು ಹೊಸ ನಿಘಂಟು ಬರುತ್ತಿದೆ, ಅದರಲ್ಲಿ ಇವನ್ನು ಒಟ್ಟೊಟ್ಟಿಗೆ ಅಚ್ಚು ಹಾಕುತ್ತೇವೆ. ಮೇಲೊಂದು ಶೀರ್ಷಿಕೆ ಬೇಕು. ಇಂಥ ಪದಗಳ ಗುಂಪಿಗೆ ಏನೆಂದು ಕರೆಯುವುದು? ಹದಿನಾರು ವರ್ಷದಿಂದ ನಾನು ಕಟ್ಟುತ್ತಿದ್ದೇನೆ, ಕಟ್ಟಿದ್ದಕ್ಕೆ ಒಪ್ಪಿತವಾದ ಹೆಸರಿಲ್ಲ.

ನಾನು ಸೂಚಿಸಿದ್ದು "ಏಕಮೂಲಜನ್ಯ ಪದಸಮುಚ್ಚಯ". ಸ್ಪಷ್ಟ, ಶಾಸ್ತ್ರೀಯ, ಯಾರೂ ಬೆರಳು ತೋರಿಸುವಂತಿಲ್ಲ. ಪ್ರಧಾನ ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. "ಪುಟದ ಅಗಲ ಎಷ್ಟು ಅಂತ ಗೊತ್ತಿದೆಯೇನ್ರೀ ನಿಮಗೆ?"

ನನ್ನ ಎದುರು ಮೇಜಿನವರು "ಜ್ಞಾತಿಪದಗಳು" ಎಂದರು. ಎಂದು ನಿಟ್ಟುಸಿರು ಬಿಟ್ಟರು. ಏನು ಹೇಳಿದರೂ ಕೊನೆಗೊಂದು "ಹಃ" ಸೇರಿಸುವ ಮನುಷ್ಯ, ಅದಕ್ಕೇ ಕಚೇರಿಯಲ್ಲಿ ಅವರ ಹೆಸರು ವಿಸರ್ಗ. ಆರನೇ ತರಗತಿಯ ಮಗು ಅದನ್ನು ಹೇಳುವಷ್ಟರಲ್ಲಿ ಹಲ್ಲು ಉದುರೀತು ಎಂದು ನಾನೆಂದೆ. ಸಮುಚ್ಚಯ ಅನ್ನುವಷ್ಟರಲ್ಲಿ ಹೊಸ ಹಲ್ಲೂ ಉದುರೀತು ಎಂದರು ಅವರು. ಹಃ.

ಅಷ್ಟರಲ್ಲಿ ದಾರದಮ್ಮ ಒಳಗೆ ಬಂದರು. ಕಾರ್ಡು ಕಟ್ಟುವುದು, ಜೋಡಿಸುವುದು, ಇಲಿಗಳಿಂದ ಕಾಪಾಡುವುದು ಎಲ್ಲ ಅವರೇ, ಮೂವತ್ತು ವರ್ಷವಾಯಿತು. "ಆ ‘ನಡೆ’ ಬಳಗ ಯಾರು ತಗೊಂಡ್ರಿ? ಖಾನೆ ಖಾಲಿ ಇದೆ" ಎಂದು ಗದರಿ, ಕಟ್ಟನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದರು. ನಾವು ಚರ್ಚೆ ಮುಂದುವರಿಸಿದೆವು.

ನಾನು ಇನ್ನೊಂದು ಸೂಚನೆಯನ್ನೂ ಮಂಡಿಸಿದೆ. ಕೆಲವು ಕಟ್ಟುಗಳಿಗೆ ಕೆಂಪು ದಾರದಲ್ಲಿ ಹೊರಗಿನ ಕಾರ್ಡುಗಳನ್ನು ಸೇರಿಸಿದ್ದಾರೆ: ಬೇರು ಬೇರೆ, ಆದರೆ ಬಹುಕಾಲದಿಂದ ಆ ಪದಗಳ ಜೊತೆಗೇ ಬಳಕೆಯಲ್ಲಿರುವಂಥವು. ಕಚೇರಿ ಶುರುವಾದಾಗಿನ ಪದ್ಧತಿಯಂತೆ. ಪ್ರಧಾನ ಸಂಪಾದಕರ ಸಹಿ ಇಲ್ಲದೆ ಕೆಂಪು ದಾರ ಬಿಚ್ಚುವಂತಿಲ್ಲ. ಇದು ಶುದ್ಧ ಅವೈಜ್ಞಾನಿಕ, ಎಲ್ಲವನ್ನೂ ಬಿಚ್ಚಿಹಾಕಬೇಕು ಎಂದೆ. ಮುಂದಿನ ಸಭೆಗೆ ನೋಡೋಣ ಎಂದರು.

ಮನೆಯಲ್ಲಿ: "ಇಲ್ನೋಡಿ" ಒಂದು. "ರೀ" ಎಂದು ಬಾಯಿಗೆ ಬಂದು ನುಂಗಿದ್ದು ಒಂದು.

ಮಾರ್ಚ್ ೯, ಭಾನುವಾರ

ಏಳನೆಯ ದಿನವೂ ಬೇಯಿಸಿದ ಮೊಟ್ಟೆ. ಹೆಂಡತಿಯ ಮಗಳು ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದಳು. "ನಿಮಗೆ ಇನ್ನೇನು ಬರುತ್ತೆ?" ನನಗೆ ಇಪ್ಪತ್ತೆರಡು ಸಾವಿರ ಪದಗಳ ವ್ಯುತ್ಪತ್ತಿ ಬರುತ್ತದೆ. ಅದನ್ನು ಹೇಳಲು ಹೋಗಲಿಲ್ಲ.

ಮಾರ್ಚ್ ೧೨, ಬುಧವಾರ

ಶಾಲೆಯಿಂದ ಒಂದು ಚೀಟಿ. ಮಕ್ಕಳನ್ನು ನೀರು ಶುದ್ಧೀಕರಿಸುವ ಘಟಕಕ್ಕೆ ಕರೆದೊಯ್ಯುತ್ತಾರಂತೆ, ಒಪ್ಪಿಗೆ ಬೇಕು. ನಾನು ಕಾರ್ಡುಗಳ ನಡುವೆ ಕುಳಿತಿದ್ದಾಗಲೇ ಹುಡುಗಿ ಅದನ್ನು ಮುಂದೆ ಇಟ್ಟಳು. ತುಂಬಿ ಕೊಟ್ಟೆ. ಒಂದು ಕೆಲಸವನ್ನಾದರೂ ಚೊಕ್ಕವಾಗಿ ಮಾಡಿದ ತೃಪ್ತಿ ಇದೆ.

ಮಾರ್ಚ್ ೧೩, ಗುರುವಾರ

ಅಯ್ಯೋ.

ಹುಡುಗಿ ಚೀಲ ಎಸೆದು ಕೋಣೆ ಸೇರಿದಳು. ಅರ್ಧ ಗಂಟೆಯ ನಂತರ ಬಾಗಿಲು ಬೆರಳಗಲ ತೆರೆದು ಚೀಟಿಯನ್ನು ಹೊರಗೆ ತಳ್ಳಿದಳು. "ವಿದ್ಯಾರ್ಥಿಯೊಂದಿಗೆ ಸಂಬಂಧ" ಎಂಬಲ್ಲಿ ನನ್ನ ಅಕ್ಷರ, ದುಂಡಗೆ: "ನೋಡಿ: ತಾಯಿ".

ನಿಘಂಟಿನಲ್ಲಿ ಒಂದು ಪದಕ್ಕೆ ಸ್ವಂತ ಅರ್ಥ ಕೊಡುವಂತಿಲ್ಲದಿದ್ದರೆ ಇನ್ನೊಂದು ಪದದತ್ತ ಕೈ ತೋರಿಸಿ ಬಿಡುತ್ತೇವೆ. ಹದಿನಾರು ವರ್ಷದ ಚಾಳಿ, ಕೈ ತಾನಾಗಿ ಬರೆದುಬಿಟ್ಟಿದೆ.

"ಮೇಡಂ ಜೋರಾಗಿ ಓದಿದ್ರು" ಎಂದಳು ಬಾಗಿಲ ಹಿಂದಿನಿಂದ. "ಎಲ್ಲರೂ ನಕ್ಕರು. ಈಗ ನಿಮಗೆ ಏನಂತ ಹೆಸರಿಟ್ಟಿದ್ದಾರೆ ಗೊತ್ತಾ?"

"ಏನು?"

"ನಿಘಂಟು."

"ಅದೇನು ಕೆಟ್ಟ ಹೆಸರಲ್ಲ" ಎಂದೆ.

ಬಾಗಿಲು ಮುಚ್ಚಿತು. ಒಳಗಿನಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ. ಕಿವಿಗೊಟ್ಟರೆ ನಗು. ದಿಂಬಿಗೆ ಬಾಯಿ ಒತ್ತಿಕೊಂಡು ನಗುತ್ತಿದ್ದಳು. ನಾನು ಹೊರಗೆ ನೆಲದ ಮೇಲೆ ಕುಳಿತು, ನಾನೂ ನಕ್ಕೆನೆಂದು ಕಾಣುತ್ತದೆ.

ಮಾರ್ಚ್ ೧೬, ಭಾನುವಾರ

ಆಲೂಗಡ್ಡೆ ಹುರಿಯುವುದನ್ನು ಹುಡುಗಿಯೇ ಹೇಳಿಕೊಟ್ಟಳು. "ಸಣ್ಣ ಉರಿ ಅಂದ್ರೆ ಸಣ್ಣ ಉರಿ. ಅದಕ್ಕೂ ಅರ್ಥ ಹೇಳ್ಬೇಕಾ?" ಕೆಳಗಿನ ಪದರ ಹೊತ್ತಿತು, ಮೇಲಿನದು ಚೆನ್ನಾಗಿತ್ತು. ಇಬ್ಬರೂ ಬಾಣಲೆಯಿಂದಲೇ ತಿಂದೆವು.

ಮಾರ್ಚ್ ೨೦, ಗುರುವಾರ

ಶಾಲೆಯಲ್ಲಿ ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ರಜೆ. ನಮ್ಮ ಹುಡುಗಿಯನ್ನು ಕಚೇರಿಗೆ ಕರೆದುಕೊಂಡು ಹೋದೆ. ಮೂಲೆಯಲ್ಲಿ ಓದಿಕೊಂಡು ಕೂರುತ್ತಾಳೆ ಅಂದುಕೊಂಡಿದ್ದೆ. ಹತ್ತು ನಿಮಿಷದಲ್ಲಿ ದಾರದಮ್ಮನ ಪಕ್ಕದಲ್ಲಿದ್ದಳು. ಮಧ್ಯಾಹ್ನದ ಹೊತ್ತಿಗೆ ಗಂಟು ಹಾಕುವುದನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ವಿಸರ್ಗ ಎರಡು ಸಲ ಬಂದು ಬಿಸ್ಕತ್ತು ಕೊಟ್ಟು ಹೋದರು, ಪ್ರತಿ ಬಿಸ್ಕತ್ತಿಗೂ ಒಂದು ನಿಟ್ಟುಸಿರು.

‘ಬೀಗ’ ಇರುವ ಖಾನೆ ತೆಗೆದು ಕೇಳಿದಳು: "ಇದ್ಯಾಕೆ ಕೆಂಪು?"

ಸಣ್ಣ ಕಟ್ಟು ಅದು. ಬೀಗ, ಬೀಗದ ಕೈ, ಬೀಗಮುದ್ರೆ ಬಿಳಿ ದಾರದಲ್ಲಿ. ಅವಕ್ಕೆ ಸೇರಿಸಿ ಕೆಂಪು ದಾರದಲ್ಲಿ ‘ಚಾವಿ’. ಅದು ಬೇರೆ ಬೇರಿನದು, ದೂರದಿಂದ ಹಡಗಿನಲ್ಲಿ ಬಂದ ಪದ ಎಂದೆ.

"ಬಂದು ಎಷ್ಟು ದಿನ ಆಯ್ತು?"

"ಮುನ್ನೂರು, ನಾನೂರು ವರ್ಷ ಆಗಿರಬಹುದು."

"ಅಷ್ಟು ವರ್ಷದಿಂದ ಇಲ್ಲೇ ಇದೆಯಾ?"

"ಇಲ್ಲೇ ಇದೆ. ಆದರೆ ಶಾಸ್ತ್ರದ ಪ್ರಕಾರ ಈ ಕಟ್ಟಿನದಲ್ಲ. ಇಂಥವನ್ನೆಲ್ಲ ಬಿಚ್ಚಿ ಬೇರೆ ಇಡಬೇಕು ಅಂತ ನಾನೇ ಸೂಚನೆ ಕೊಟ್ಟಿದ್ದೇನೆ."

ಹುಡುಗಿ ನನ್ನನ್ನು ನೋಡಿದಳು, ಕಾರ್ಡನ್ನು ನೋಡಿದಳು. "ಬಿಚ್ಚಿದ್ರೆ ಅದು ಎಲ್ಲಿಗೆ ಹೋಗುತ್ತೆ?"

ಬೇರೆ ಖಾನೆಗೆ ಎಂದೆ. ಆ ಖಾನೆಯಲ್ಲಿ ಅದರ ಜೊತೆ ಯಾರಿರುತ್ತಾರೆ ಎಂದು ಕೇಳಿದಳು. ಯಾರೂ ಇರುವುದಿಲ್ಲ. ಒಂಟಿ ಕಾರ್ಡು. ದಾರದಮ್ಮ ತಲೆ ಎತ್ತದೆ ಹೇಳಿದರು, "ನಾನಿರೋ ತನಕ ಯಾರು ಬಿಚ್ತಾರೆ ನೋಡ್ತೀನಿ."

ಇವತ್ತಿನ ಸಭೆಯಲ್ಲಿ ನನ್ನ ಸೂಚನೆ ಚರ್ಚೆಗೆ ಬರಬೇಕಿತ್ತು. ಸಮಯವಾಯಿತೆಂದು ನಾನೇ ಮುಂದೂಡಲು ಹೇಳಿದೆ. ಮೂರೂಕಾಲು ಆಗಿತ್ತು ಅಷ್ಟೆ.

ಮಾರ್ಚ್ ೨೩, ಭಾನುವಾರ

ದೊಡ್ಡಮ್ಮನ ಮನೆಗೆ ಹೋಗಿದ್ದೆವು. ನನ್ನ ಅತ್ತಿಗೆಯಾಗಬೇಕು. ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು. ತುಂಬ ಒಳ್ಳೆಯವರು. ನಮ್ಮ ಹುಡುಗಿಗಾಗಿ ಒಂದು ಕೋಣೆಗೆ ತಿಳಿ ಹಳದಿ ಬಣ್ಣ ಹೊಡೆಸಿದ್ದಾರೆ. ಕಿಟಕಿಯಿಂದ ಶಾಲೆಯ ಗಂಟೆ ಕಾಣುತ್ತದೆ. ಗಂಟೆ ಹೊಡೆದ ಮೇಲೆ ಹೊರಟರೂ ತರಗತಿ ಸಿಗುತ್ತದೆ.

"ಇವಳು ಇಲ್ಲೇ ಇರ್ಲಿ ಬಿಡಿ. ನಿಮಗೂ ತೊಂದರೆ ತಪ್ಪುತ್ತೆ, ಪಾಪ" ಎಂದರು ಅತ್ತಿಗೆ, ಚಹಾ ಕೊಡುತ್ತ. ತೊಂದರೆಯೇನಿಲ್ಲ ಎಂದೆ. ಧ್ವನಿ ಸ್ವಲ್ಪ ಏರಿತೇನೋ, ಅತ್ತಿಗೆ ಲೋಟ ಹಿಡಿದುಕೊಂಡು ನಿಂತರು. ಹುಡುಗಿ ಕೋಣೆಯಲ್ಲಿ ಮಂಚದ ಮೇಲೆ ಕುಣಿದು ನೋಡುತ್ತಿದ್ದಳು. ಚೆನ್ನಾಗಿ ಕುಣಿಯುವ ಮಂಚ.

ವಾಪಸು ಬರುವಾಗ ಎರಡನೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಐವತ್ತು ನಿಮಿಷ ನಿಂತೆವು. ದಿನವೂ ಹೀಗೆಯೇ ನಿಲ್ಲುತ್ತಾಳಂತೆ, ನನಗೆ ಗೊತ್ತೇ ಇರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಹಳದಿ ಕೋಣೆಯನ್ನೇ ಆರಿಸುತ್ತಿದ್ದೆ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ನಿಜ.

ಮಾರ್ಚ್ ೨೪, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ ೩೦, ಭಾನುವಾರ

ಬೆಳಿಗ್ಗೆ ಹುಡುಗಿ ಒಂದು ಫೋಟೋ ಹಿಡಿದುಕೊಂಡು ಬಂದಳು. ಎಂಟು ತಿಂಗಳು ಪೆಟ್ಟಿಗೆಯಲ್ಲಿತ್ತಂತೆ. "ಅಪ್ಪನ ಫೋಟೋಗೆ ಒಂದು ಮೊಳೆ ಹೊಡೀತೀರಾ? ನನ್ನ ಮೇಜಿನ ಮೇಲ್ಗಡೆ."

ಅಪ್ಪ. ಆ ಪದ ಈ ಮನೆಯಲ್ಲಿ ಅವಳ ಬಾಯಿಂದ ಮೊದಲ ಸಲ ಬಂತು. ನನಗಲ್ಲ, ಮತ್ತು ಅದು ಸರಿ. ಅದು ಅವರದೇ ಪದ. ಆದರೂ ಸುತ್ತಿಗೆ ಹುಡುಕಲು ಅಡುಗೆಮನೆಗೆ ಹೋದವನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಸುತ್ತಿಗೆ ಅಡುಗೆಮನೆಯಲ್ಲಿ ಇರುವುದಿಲ್ಲ.

ಮೂರನೆಯ ಏಟು ಹೆಬ್ಬೆರಳಿಗೆ. ಅವಳು ಓಡಿಹೋಗಿ ತಣ್ಣೀರು ತಂದಳು. "ಅಪ್ಪನೂ ಹೆಬ್ಬೆರಳಿಗೇ ಹೊಡ್ಕೊಳ್ತಿದ್ರಂತೆ. ಅಮ್ಮ ಹೇಳ್ತಾಳೆ." ನಾನು ಫೋಟೋ ನೋಡಿದೆ. ನಗುಮುಖದ ಮನುಷ್ಯ, ಸುತ್ತಿಗೆ ಹಿಡಿಯಲು ಬಾರದವನು. ಸಿಕ್ಕಿದ್ದರೆ ಇಷ್ಟವಾಗುತ್ತಿದ್ದರು.

ಹೋಗುವವರು ಗೋಡೆಗೆ ಮೊಳೆ ಹೊಡೆಸುತ್ತಾರೆಯೇ? ಸಂಜೆಯೆಲ್ಲ ಇದೇ ಯೋಚನೆ. ಮೊಳೆ ಕೀಳುವುದು ಎಷ್ಟು ಹೊತ್ತಿನ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ.

ಏಪ್ರಿಲ್ ೪, ಶುಕ್ರವಾರ

ಪರೀಕ್ಷೆ ಶುರು. ಮಗಳಿಗೆ ಇತಿಹಾಸದ ಇಸವಿಗಳನ್ನು ಕೇಳಿ ಕೇಳಿ ನನಗೇ ಬಾಯಿಪಾಠವಾಯಿತು. ಶಾಲೆಯವರೆಗೆ ಜೊತೆಗೆ ಹೋಗುತ್ತಿದ್ದೇನೆ, ಎರಡು ಬಸ್ಸು, ಒಬ್ಬರಿಗೆ ಸೀಟು ಸಿಕ್ಕರೆ ಇನ್ನೊಬ್ಬರು ಪುಸ್ತಕ ಹಿಡಿಯುವುದು. ಕಚೇರಿಗೆ ದಿನವೂ ನಲವತ್ತು ನಿಮಿಷ ತಡ. ವಿಸರ್ಗ ಹಾಜರಿ ಪುಸ್ತಕವನ್ನು ನನ್ನತ್ತ ಸರಿಸುತ್ತಾರೆ, ಏನೂ ಕೇಳುವುದಿಲ್ಲ. ಒಳ್ಳೆಯ ಮನುಷ್ಯ. ಇಷ್ಟು ವರ್ಷ ಯಾಕೆ ಜಗಳವಾಡುತ್ತಿದ್ದೆವೋ.

ಏಪ್ರಿಲ್ ೮, ಮಂಗಳವಾರ

ಹೆಂಡತಿಯ ಫೋನು. "ಅವಳು ಏನಾದ್ರೂ ಹೇಳಿದ್ಲಾ?" ಇಲ್ಲ. "ನೀವು?" ನಾನೂ ಏನೂ ಹೇಳಿಲ್ಲ, ನೀನು ಹೇಳಬೇಡ ಅಂದಿದ್ದೆಯಲ್ಲ. "ಹೇಳ್ಬೇಕು ಅನ್ನಿಸ್ತಿದೆಯಾ?"

ಲೈನು ಸರಿಯಿಲ್ಲ, ಕೇಳಿಸುತ್ತಿಲ್ಲ ಎಂದೆ. ಲೈನು ಸರಿಯಾಗಿಯೇ ಇತ್ತು.

ಏಪ್ರಿಲ್ ೧೦, ಗುರುವಾರ

ಕೊನೆಯ ಸಭೆ. ನಾಳೆ ಪುಟಗಳು ಅಚ್ಚಿಗೆ. ಪಟ್ಟಿಯಲ್ಲಿ ಹನ್ನೊಂದು ಹೆಸರುಗಳು ಉಳಿದಿದ್ದವು. ಪ್ರಧಾನ ಸಂಪಾದಕರು "ಒಂದೇ ಬೇರಿನ ಪದಗಳು" ಎಂದು ಇಟ್ಟುಬಿಡೋಣ, ಮಕ್ಕಳಿಗೆ ಅರ್ಥವಾಗುತ್ತದೆ, ಹಾಗೇ ಕೆಂಪು ದಾರದವನ್ನು ಕೈಬಿಡೋಣ, ಇವರ ಸೂಚನೆಯೂ ಅದೇ ಇತ್ತಲ್ಲ ಎಂದು ನನ್ನ ಕಡೆ ತಿರುಗಿದರು.

ನಾನು ಎದ್ದು ನಿಂತೆ. ನಿಂತದ್ದು ಆಮೇಲೆ ಗೊತ್ತಾಯಿತು. ಬೇರು ಒಂದೇ ಆದ ಮಾತ್ರಕ್ಕೆ ಪದಗಳು ಒಟ್ಟಿಗೆ ಬಾಳುವುದಿಲ್ಲ, ಬೇರು ಬೇರೆಯಾದ ಮಾತ್ರಕ್ಕೆ ಹೊರಗಿನವೂ ಆಗುವುದಿಲ್ಲ ಎಂದೆ. ಮಗು ಬೀಗದ ಪುಟ ತೆರೆದು ಚಾವಿ ಹುಡುಕಿದರೆ ಅದು ಬೇರೆ ಕಡೆ ಒಂಟಿಯಾಗಿ ಬಿದ್ದಿರಬೇಕೇ? ಯಾರು ಎಲ್ಲಿಂದ ಬಂದರು ಎನ್ನುವುದನ್ನು ಬರೆಯಿರಿ, ಬೇಕಾದರೆ ಕೆಂಪು ಅಕ್ಷರದಲ್ಲಿ ಬರೆಯಿರಿ, ಆದರೆ ಮನೆಯಿಂದ ಆಚೆ ಹಾಕಬೇಡಿ. ಮೇಜು ಗುದ್ದಿದೆನಂತೆ. ಶಾಯಿ ಚೆಲ್ಲಿದ್ದು ನಿಜ.

"ಹೋದ ತಿಂಗಳು ಬಿಚ್ಚಿಹಾಕಬೇಕು ಅಂದವರು ನೀವೇ ಅಲ್ವಾ?" ಎಂದರು ವಿಸರ್ಗ. ಮೊದಲ ಬಾರಿಗೆ ಕೊನೆಯಲ್ಲಿ ನಿಟ್ಟುಸಿರಿರಲಿಲ್ಲ.

ನಾನು ಹಾಗೆ ಅಂದದ್ದು ನನಗೆ ಸರಿಯಾಗಿ ನೆನಪಿಲ್ಲ. ಅಂದಿದ್ದರೆ ಸಂದರ್ಭ ಬೇರೆ ಇರಬೇಕು.

"ಹಾಗಾದ್ರೆ ಏನಂತ ಕರೆಯೋಣ, ಅದನ್ನ ಹೇಳಿ" ಎಂದರು ಪ್ರಧಾನರು. ಬಾಯಿಗೆ ಬಂದದ್ದು "ಬಳಗ". ದಾರದಮ್ಮ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ, ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೆ ಎಂದೆ. ಒಡಹುಟ್ಟಿದವರೂ ಬಳಗವೇ, ಬಂದು ಸೇರಿದವರೂ ಬಳಗವೇ. ಪದಬಳಗ. ವಿಸರ್ಗ ಕೈ ಎತ್ತಿದರು. ಎಲ್ಲರೂ ಎತ್ತಿದರು. ದಾರದಮ್ಮನನ್ನು ಕರೆದು ಹೇಳಿದಾಗ, "ಇದಕ್ಕಾ ಇಷ್ಟು ದಿನ ಕೂತಿದ್ರಿ?" ಎಂದು ಚಹಾ ಲೋಟ ಎತ್ತಿಕೊಂಡು ಹೋದರು.

ಗೆದ್ದೆ. ಖುಷಿಯೇನೂ ಆಗುತ್ತಿಲ್ಲ. ಇನ್ನೆರಡು ದಿನ.

ಏಪ್ರಿಲ್ ೧೨, ಶನಿವಾರ

ಎದ್ದಾಗ ಎಂಟು ದಾಟಿತ್ತು. ಮನೆ ನಿಶ್ಶಬ್ದ. ಮಗಳ ಕೋಣೆ ಖಾಲಿ. ಬಾಗಿಲ ಬಳಿ ಎರಡೂ ಮೊಳೆಗಳು ಬರಿದು.

ಅತ್ತಿಗೆಗೆ ಫೋನು ಮಾಡಿದೆ. "ಇಲ್ಲಿಗೆ ಬಂದಿಲ್ವಲ್ಲ" ಎಂದರು. ಹಳದಿ ಕೋಣೆಗೆ ಹೋಗಿದ್ದಾಳೆ ಎಂದಿದ್ದರೂ ಸಾಕಿತ್ತು, ಆ ಕ್ಷಣ ಅದನ್ನೇ ಬೇಡಿಕೊಂಡಿದ್ದೆ. ನನಗೆ ಹೆದರಿಕೆಯಾಯಿತು. ಇಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ. ಹೊರಡೋಣವೆಂದರೆ ಬೀಗ ಹಾಕಲು ನನ್ನ ಬೀಗದ ಕೈಯೂ ಇಲ್ಲ. ಚಿಲಕ ಹಾಕಿದೆನೋ ಇಲ್ಲವೋ ಎಂದು ನಾಲ್ಕು ಸಲ ಹಿಂದಿರುಗಿ ನೋಡುವ ಮನುಷ್ಯ ನಾನು, ಬಾಗಿಲು ತೆರೆದಿಟ್ಟೇ ಬೀದಿಗಿಳಿದೆ. ಬೀದಿಯ ಶಾಲೆಯ ಮುಂದೆ ಇಲ್ಲ. ಬಸ್ ನಿಲ್ದಾಣದಲ್ಲಿ ಇಲ್ಲ. ಇನ್ನು ಉಳಿದದ್ದು ಕಚೇರಿ.

ಕಚೇರಿಯ ಮೆಟ್ಟಿಲ ಮೇಲೆ ದಾರದಮ್ಮನ ಪಕ್ಕ ಕುಳಿತು, ನಾಲಿಗೆ ಕಚ್ಚಿಕೊಂಡು ಗಂಟು ಬಿಗಿಯುತ್ತಿದ್ದಳು.

ಏದುಸಿರು ಬಿಡುತ್ತಲೇ ಬೈಯಲು ಬಾಯಿ ತೆರೆದೆ. ಅವಳು ಕಟ್ಟನ್ನು ಎತ್ತಿ ತೋರಿಸಿದಳು. ಬಿಳಿ ದಾರದಲ್ಲಿ ಎರಡು ಬೀಗದ ಕೈ. ಅದಕ್ಕೆ ಸೇರಿಸಿ, ಕೆಂಪು ದಾರದಲ್ಲಿ, ಮೂರು ಗಂಟು ಹಾಕಿ, ನನ್ನದು.

"ಕೆಂಪು ದಾರ ಇಲ್ಲಿ ಮಾತ್ರ ಸಿಗೋದು. ಇವತ್ತು ಅರ್ಧ ದಿನ ಅಂತ ಬೇಗ ಬಂದೆ" ಎಂದಳು. "ಚೀಟಿ ಬರೆದಿಟ್ಟಿದ್ನಲ್ಲ, ನೋಡ್ಲಿಲ್ವಾ? ನಿಮ್ಮ ಕನ್ನಡಕದ ಕೆಳಗೆ."

ನೋಡಿರಲಿಲ್ಲ. ಕನ್ನಡಕವನ್ನೇ ಹಾಕಿಕೊಂಡಿರಲಿಲ್ಲ.

"ಮನೆ ಬೀಗ?" ಎಂದು ಕೇಳಿದಳು.

"ಚಾವಿ ನಿನ್ನ ಹತ್ರ ಇದ್ರೆ ಬೀಗ ಹೇಗೆ ಹಾಕ್ಲಿ?"

"ಅಯ್ಯೋ, ನಮ್ಮನೆ ತೆರೆದೇ ಇದೆಯಾ? ನಡೀರಿ ಮತ್ತೆ" ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಓಡಿದಳು. ದಾರಿಯಲ್ಲಿ ನಮ್ಮ ಬೀದಿಯ ಶಾಲೆ. ಅರ್ಜಿ ಅವಳ ಜೇಬಿನಲ್ಲೇ ಇತ್ತು, ತುಂಬಿತ್ತು. ಸಹಿ ಒಂದು ಬಾಕಿ. "ಸಂಬಂಧ" ಎಂಬಲ್ಲಿ ಅವಳದೇ ಅಕ್ಷರ: "ನೋಡಿ: ತಾಯಿ". ಗುಮಾಸ್ತೆ ಎರಡು ಸಲ ಓದಿ ತಲೆ ಎತ್ತಿದರು. ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದೆವು, ನಗು ತಡೆಯಲು ಬೇರೆ ದಾರಿ ಇರಲಿಲ್ಲ.

ಹೆಂಡತಿ ಮಧ್ಯಾಹ್ನ ಬಂದಳು. ಬಾಗಿಲಲ್ಲಿ ಚೀಲ ಇಳಿಸಿ ಮೊದಲು ನೋಡಿದ್ದು ಮೊಳೆಯನ್ನು. ಕಟ್ಟನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನಿಂತಳು, ಕಣ್ಣು ಒರೆಸಿಕೊಂಡಳು, ಆಮೇಲೆ ದಾದಿಯ ಬುದ್ಧಿ ಎಚ್ಚರವಾಯಿತು. "ಸರಿ, ಸೋಮವಾರ ಮೂವರೂ ಮೂರು ಕಡೆ ಹೋಗ್ಬೇಕಲ್ಲ. ಒಂದೇ ಕಟ್ಟಲ್ಲಿದ್ರೆ ಯಾರು ಬಾಗಿಲು ತೆಗೀತಾರೆ?" ಎಂದು ಗಂಟಿಗೆ ಕೈ ಹಾಕಿದಳು.

"ಹಾಗೆಲ್ಲ ಬಿಚ್ಚೋ ಹಾಗಿಲ್ಲಮ್ಮ. ಪ್ರಧಾನ ಸಂಪಾದಕರ ಸಹಿ ಬೇಕು" ಎಂದಳು ಮಗಳು, ಆಲೂಗಡ್ಡೆ ಹೆಚ್ಚುತ್ತ.

ಇಂದು ಅವಳು ನನ್ನನ್ನು ಏನೆಂದು ಕರೆದಳು ಎಂದು ಬರೆಯಲು ಕುಳಿತರೆ ನೆನಪಾಗುತ್ತಿಲ್ಲ. ಏನೂ ಕರೆಯಲಿಲ್ಲವೆಂದು ಕಾಣುತ್ತದೆ. ವ್ಯವಸ್ಥೆಯೂ ತೀರ ಅನನುಕೂಲದ್ದು. ಸೋಮವಾರದಿಂದ ಚಾವಿ ಇದ್ದವರು ಬರುವವರೆಗೆ ಉಳಿದ ಇಬ್ಬರು ಮೆಟ್ಟಿಲ ಮೇಲೆ ಕಾಯಬೇಕು. ಸಹಿ ಮಾತ್ರ ನಾನು ಕೇಳಲು ಹೋಗುವುದಿಲ್ಲ.